ಮಟ್ಟು ಬಿಡದ ಪಿಯಾನೊ: ಆರ್ಟ್ ಟೇಟಮ್ ಅವರ ಬದುಕು ಮತ್ತು ವಾದನ



ಒಂದು ಹಳೆಯ ಜಗಳದಿಂದ ಮಾತು ಆರಂಭಿಸುತ್ತೇನೆ. 1955ರಲ್ಲಿ ಫ್ರಾನ್ಸಿನ ಹೆಸರಾಂತ ಜಾಝ್ ವಿಮರ್ಶಕ ಆಂದ್ರೆ ಒದೇರ್ ಅವರು ಅಮೆರಿಕದ ಪಿಯಾನೊ ವಾದಕ ಆರ್ಟ್ ಟೇಟಮ್ ಅವರ ಹೊಸ ರೆಕಾರ್ಡುಗಳ ಮೇಲೆ ಒಂದು ಖಾರವಾದ ಲೇಖನ ಬರೆದರು. ಉಳಿದ ಪಿಯಾನೊ ವಾದಕರು ಟೇಟಮ್ ಹೆಸರು ಕೇಳಿದರೆ ಎದ್ದು ನಿಲ್ಲುತ್ತಿದ್ದ ಕಾಲ ಅದು. ಒದೇರ್ ತಕರಾರು ಇಷ್ಟು: ಇವರ ಕೈ ದೊಡ್ಡದು, ನಿಜ, ಆದರೆ ಇವರು ಹಾಡಿನ ಮಟ್ಟನ್ನು ಬಿಟ್ಟು ಕದಲುವುದೇ ಇಲ್ಲ. ಇದ್ದ ಮಟ್ಟಿಗೆ ಒಡವೆ ತೊಡಿಸುತ್ತಾರೆ, ಹೊಸ ಮಟ್ಟನ್ನು ಹುಟ್ಟಿಸುವುದಿಲ್ಲ. ಆರಿಸಿಕೊಳ್ಳುವ ಹಾಡುಗಳೂ ನಾಟಕ, ಸಿನಿಮಾಗಳಿಂದ ಬಂದ ಜನಪ್ರಿಯ ಪ್ರೇಮಗೀತೆಗಳು. ಆ ಲೇಖನ ಅದೇ ವರ್ಷ ಅಮೆರಿಕದ 'ಡೌನ್ ಬೀಟ್' ಪತ್ರಿಕೆಯಲ್ಲಿ ಇಂಗ್ಲಿಷಿಗೆ ಬಂತು. ಕೂಡಲೇ ಬಿಲ್ಲಿ ಟೇಲರ್ ಟೇಟಮ್ ಪರವಾಗಿ ಉತ್ತರ ಬರೆದರು. ಟೇಲರ್ ಸ್ವತಃ ಪಿಯಾನೊ ನುಡಿಸುವವರು, ಟೇಟಮ್ ಅವರನ್ನು ಹತ್ತಿರದಿಂದ ನೋಡಿ ಕಲಿತವರು.

ಈ ವ್ಯಾಜ್ಯ ಇಂದಿಗೂ ಪೂರ್ತಿ ಇತ್ಯರ್ಥವಾಗಿಲ್ಲ. ಕರ್ನಾಟಕ ಸಂಗೀತದ ಕೃತಿಯ ಸಂಗತಿ, ನೆರವಲ್ ಕೇಳಿ ಬೆಳೆದ ಕಿವಿಗಳ ಮುಂದೆ ಇದನ್ನಿಟ್ಟರೆ ತೀರ್ಪು ಬೇರೆಯಾದೀತು ಎಂಬ ಗುಮಾನಿ ನನ್ನದು. ಮಟ್ಟನ್ನು ಬಿಡದಿರುವುದು ಅಶಕ್ತಿಯೇ ಅಥವಾ ಒಂದು ವ್ರತವೇ? ಇವತ್ತಿನ ನನ್ನ ಮಾತೆಲ್ಲ ಈ ಪ್ರಶ್ನೆಯ ಸುತ್ತ.

ಆರ್ಟ್ ಟೇಟಮ್ ಹುಟ್ಟಿದ್ದು 1909ರ ಅಕ್ಟೋಬರ್ 13ರಂದು, ಒಹಾಯೊ ರಾಜ್ಯದ ಟೊಲೀಡೊ ಎಂಬ ಕೈಗಾರಿಕಾ ಪಟ್ಟಣದಲ್ಲಿ. ತಂದೆ ದುಡಿಮೆಗಾರ, ತಾಯಿ ಮನೆಗೆಲಸಕ್ಕೆ ಹೋಗುತ್ತಿದ್ದವರು. ಚರ್ಚಿಗೆ ನಡೆದುಕೊಳ್ಳುವ ಕಪ್ಪುಜನರ ಕುಟುಂಬ. ಕೂಸಿನ ಎರಡೂ ಕಣ್ಣಿಗೆ ಪೊರೆ. ಚಿಕ್ಕಂದಿನಲ್ಲಿ ಮೇಲಿಂದ ಮೇಲೆ ಶಸ್ತ್ರಚಿಕಿತ್ಸೆ ನಡೆದು ಒಂದಿಷ್ಟು ದೃಷ್ಟಿ ಬಂತು. ಆಮೇಲೆ ಯಾರೋ ಪುಂಡರು ತಲೆಗೆ ಹೊಡೆದದ್ದರಿಂದ ಒಂದು ಕಣ್ಣು ಪೂರಾ ಹೋಯಿತು. ಇನ್ನೊಂದರಲ್ಲಿ ಉಳಿದದ್ದು ಮಸುಕು ಮಸುಕಾದ ಬೆಳಕು. ಮುಂದೆ ಅವರು ಇಸ್ಪೀಟು ಆಡುವಾಗ ಬೆನ್ನ ಹಿಂದೆ ಪ್ರಖರವಾದ ದೀಪ ಇರಿಸಿಕೊಂಡು, ಎಲೆಗಳನ್ನು ಆ ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡುತ್ತಿದ್ದರಂತೆ. ಒಮ್ಮೆ ನೋಡಿದರೆ ಸಾಕು, ಆಟ ಮುಗಿಯುವವರೆಗೆ ಮತ್ತೆ ನೋಡುವ ಅಗತ್ಯ ಬೀಳುತ್ತಿರಲಿಲ್ಲ.

ಈ ನೆನಪಿನ ಶಕ್ತಿಯೇ ಅವರ ಮೊದಲ ಗುರು. ಮನೆಯಲ್ಲಿ ಪಿಯಾನೊ ಇತ್ತು. ರೇಡಿಯೊ, ಗ್ರಾಮಫೋನ್, ತೂತು ಕೊರೆದ ಕಾಗದದ ಸುರುಳಿ ಹಾಕಿದರೆ ತಾನೇ ನುಡಿಯುವ ಯಂತ್ರಪಿಯಾನೊ, ಇವೆಲ್ಲದರಿಂದ ಹುಡುಗ ಹಾಡುಗಳನ್ನು ಎತ್ತಿಕೊಂಡ. ಇಬ್ಬರು ಸೇರಿ ನುಡಿಸಿದ್ದ ಒಂದು ಸುರುಳಿಯನ್ನು ಒಬ್ಬರದೇ ಎಂದುಕೊಂಡು, ನಾಲ್ಕು ಕೈಗಳ ಕೆಲಸವನ್ನು ಎರಡೇ ಕೈಯಲ್ಲಿ ಕಲಿತುಬಿಟ್ಟ ಎಂಬುದೊಂದು ಕಥೆ ಇದೆ. ದೊಡ್ಡವರ ಬಾಲ್ಯಕ್ಕೆ ಇಂಥ ಕಥೆಗಳು ತಾವಾಗಿ ಬಂದು ಅಂಟಿಕೊಳ್ಳುತ್ತವೆ. ನಾನು ಇದನ್ನು ನಂಬುವುದಿಲ್ಲ, ಹೇಳದೆ ಬಿಡಲೂ ಮನಸ್ಸಾಗುವುದಿಲ್ಲ.

ಕಲಿಕೆ ಬರೀ ಕಿವಿಯದಾಗಿರಲಿಲ್ಲ ಎಂಬುದನ್ನು ಮಾತ್ರ ಒತ್ತಿ ಹೇಳಬೇಕು. ಕೊಲಂಬಸ್‌ನ ಅಂಧರ ಶಾಲೆಯಲ್ಲಿ ಅವರು ಬ್ರೈಲ್ ಕಲಿತರು. ಊರಿಗೆ ಮರಳಿ ಟೊಲೀಡೊ ಸಂಗೀತ ಶಾಲೆಯಲ್ಲಿ ಓವರ್ಟನ್ ರೇನಿ ಎಂಬ ಶಿಕ್ಷಕರ ಬಳಿ ಪಾಶ್ಚಾತ್ಯ ಶಾಸ್ತ್ರೀಯ ಪದ್ಧತಿಯ ಪಾಠವಾಯಿತು. ರೇನಿ ಅವರಿಗೆ ಜಾಝ್ ಹಿಡಿಸುತ್ತಿರಲಿಲ್ಲ. ಶಿಷ್ಯ ಪಾಠವನ್ನಿಟ್ಟುಕೊಂಡು ಗುರುವಿನ ಅಭಿರುಚಿಯನ್ನು ಬಿಟ್ಟರು. ಇಪ್ಪತ್ತು ತುಂಬುವ ಹೊತ್ತಿಗೆ ಊರಿನ ರೇಡಿಯೊ ನಿಲಯದಲ್ಲಿ ಅವರ ಪಿಯಾನೊ ಕೇಳಿಬರುತ್ತಿತ್ತು. ಟೊಲೀಡೊ ದಾರಿಯಾಗಿ ಹಾದುಹೋಗುವ ದೊಡ್ಡ ವಾದ್ಯವೃಂದಗಳವರು, 'ಇಲ್ಲೊಬ್ಬ ಕುರುಡು ಹುಡುಗ ಇದ್ದಾನಂತೆ' ಎಂದು ಹುಡುಕಿಕೊಂಡು ಬರತೊಡಗಿದರು.

1932ರಲ್ಲಿ ಗಾಯಕಿ ಅಡಿಲೇಡ್ ಹಾಲ್ ಅವರು ಟೇಟಮ್ ಅವರನ್ನು ಪಕ್ಕವಾದ್ಯಕ್ಕೆ ಕರೆದುಕೊಂಡರು. ಹಾಗೆ ಅವರು ನ್ಯೂಯಾರ್ಕ್ ತಲುಪಿದರು. ಆ ಕಾಲದ ನ್ಯೂಯಾರ್ಕಿನಲ್ಲಿ, ಅದರಲ್ಲೂ ಕಪ್ಪುಜನರ ಹಾರ್ಲೆಮ್ ಬಡಾವಣೆಯಲ್ಲಿ, ಪಿಯಾನೊ ವಾದನವೆಂದರೆ ಗರಡಿಯ ಕುಸ್ತಿಗೆ ಸಮ. ಮನೆಬಾಡಿಗೆ ಕಟ್ಟಲು ದುಡ್ಡು ಸಾಲದವರು ಮನೆಯಲ್ಲೇ ಪಾರ್ಟಿ ಇಟ್ಟು, ಬಂದವರಿಂದ ಪ್ರವೇಶಧನ ಪಡೆಯುವ ರೂಢಿ ಇತ್ತು. ಅಲ್ಲಿ ರಾತ್ರಿಯಿಡೀ ಒಬ್ಬನೇ ಪಿಯಾನೊ ವಾದಕ ಇಡೀ ವಾದ್ಯಮೇಳದ ಕೆಲಸ ಮಾಡಬೇಕು. ಆ ಅಗತ್ಯದಿಂದ ಬೆಳೆದ ಶೈಲಿಗೆ ಸ್ಟ್ರೈಡ್ ಎಂದು ಹೆಸರು. ಎಡಗೈ ಒಂದು ಪೆಟ್ಟಿಗೆ ಕೆಳಗಿನ ಮಂದ್ರಸ್ವರ ಹಿಡಿಯುತ್ತದೆ, ಮರುಪೆಟ್ಟಿಗೆ ಹಾರಿ ನಡುಸ್ಥಾಯಿಯಲ್ಲಿ ಸ್ವರಗುಚ್ಛ ಒತ್ತುತ್ತದೆ. ಹೀಗೆ ಹಿಂದಕ್ಕೂ ಮುಂದಕ್ಕೂ ಜಿಗಿಯುತ್ತ ತಾಳವನ್ನೂ ಆಧಾರವನ್ನೂ ತಾನೊಂದೇ ಹೊರುತ್ತದೆ. ಹಾಡು, ಅಲಂಕಾರ, ಚೇಷ್ಟೆ ಎಲ್ಲವೂ ಬಲಗೈಯದು. ಜೇಮ್ಸ್ ಪಿ. ಜಾನ್ಸನ್, 'ಸಿಂಹ' ಎಂಬ ಬಿರುದಿನ ವಿಲ್ಲಿ ಸ್ಮಿತ್, ಫ್ಯಾಟ್ಸ್ ವಾಲರ್ ಈ ಶೈಲಿಯ ಮೂವರು ದೊರೆಗಳು.

ಆ ಮೂವರೂ ಒಂದು ರಾತ್ರಿ ಹೊಸ ಹುಡುಗನನ್ನು ಕೂರಿಸಿಕೊಂಡು ಸತ್ವಪರೀಕ್ಷೆ ಮಾಡಿದರು. ಟೇಟಮ್ 'ಟೀ ಫಾರ್ ಟೂ' ನುಡಿಸಿದರು. ಜಾನ್ಸನ್ ತಮ್ಮ 'ಕ್ಯಾರೊಲೈನಾ ಶೌಟ್' ತೆಗೆದರು, ವಾಲರ್ ತಮ್ಮ 'ಹ್ಯಾಂಡ್‌ಫುಲ್ ಆಫ್ ಕೀಸ್'. ಟೇಟಮ್ ಕೊಟ್ಟ ಉತ್ತರ 'ಟೈಗರ್ ರ‍್ಯಾಗ್'. ಅಲ್ಲಿಗೆ ಪಂದ್ಯ ಮುಗಿಯಿತು ಎಂದು ಅಂದು ಅಲ್ಲಿದ್ದವರು ಮುಂದೆ ನೆನೆಸಿಕೊಂಡಿದ್ದಾರೆ. ವಾಲರ್ ಸೋತದ್ದನ್ನು ಜೀವನಪೂರ್ತಿ ಹೆಮ್ಮೆಯಿಂದ ಹೇಳಿಕೊಂಡರು. ಒಮ್ಮೆ ತಾವು ನುಡಿಸುತ್ತಿದ್ದಲ್ಲಿಗೆ ಟೇಟಮ್ ಬಂದಾಗ, ಇವತ್ತು ದೇವರೇ ಸಭೆಯಲ್ಲಿದ್ದಾನೆ ಎಂಬರ್ಥದ ಮಾತು ಹೇಳಿ ಎದ್ದರೆಂಬುದು ಜಾಝ್ ಲೋಕದ ಬಾಯಿಪಾಠ.

1933ರ ಮಾರ್ಚ್‌ನಲ್ಲಿ ಬ್ರನ್ಸ್‌ವಿಕ್ ಕಂಪನಿ ಅವರ ಒಂಟಿ ವಾದನದ ನಾಲ್ಕು ರೆಕಾರ್ಡು ಮಾಡಿತು. ಆ ಪಂದ್ಯದಲ್ಲಿ ಟೇಟಮ್ ನುಡಿಸಿದ ಎರಡು ಹಾಡೂ ಅದರಲ್ಲಿವೆ. ಅವುಗಳಲ್ಲಿ 'ಟೈಗರ್ ರ‍್ಯಾಗ್' ಅನ್ನು ಈಗ ಕೇಳೋಣ, ಎರಡೂವರೆ ನಿಮಿಷವೂ ಇಲ್ಲ.

(ಸಭೆಯಲ್ಲಿ ಧ್ವನಿಮುದ್ರಿಕೆ ಕೇಳಿಸಲಾಯಿತು.)

ನಕ್ಕಿರಿ ಕೆಲವರು. ನಗು ಬರಬೇಕಾದದ್ದೇ. ನಿಮಿಷಕ್ಕೆ ಮುನ್ನೂರಕ್ಕೂ ಮಿಕ್ಕಿದ ಪೆಟ್ಟು, ಆ ವೇಗದಲ್ಲೂ ಒಂದು ಸ್ವರ ಇನ್ನೊಂದರ ಮೈಮೇಲೆ ಬಿದ್ದಿಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ ಆಸ್ಕರ್ ಪೀಟರ್ಸನ್ ಎಂಬ ಹುಡುಗ ತನ್ನ ಪಿಯಾನೊ ವಾದನದ ಬಗ್ಗೆ ಸ್ವಲ್ಪ ಬೀಗುತ್ತಿದ್ದಾಗ, ಅಪ್ಪ ತಂದು ಕೇಳಿಸಿದ್ದು ಇದೇ ರೆಕಾರ್ಡು. ಹುಡುಗ ಇಬ್ಬರು ನುಡಿಸುತ್ತಿದ್ದಾರೆ ಎಂದುಕೊಂಡ. ಒಬ್ಬನೇ, ಅದೂ ಕಣ್ಣು ಕಾಣದವನು ಎಂದು ತಿಳಿದಾಗ ಅತ್ತು, ವಾರಗಟ್ಟಲೆ ಪಿಯಾನೊ ಮುಟ್ಟಲಿಲ್ಲ. ಮುಂದೆ ಜಗತ್ಪ್ರಸಿದ್ಧರಾದ ಪೀಟರ್ಸನ್ ತಾವೇ ಇದನ್ನು ಹಲವು ಸಲ ಹೇಳಿಕೊಂಡಿದ್ದಾರೆ.

ಆದರೆ ಟೇಟಮ್ ಅವರಿಗೆ ಕೆಡುಕು ಮಾಡಿದ್ದೂ ಇದೇ 'ಟೈಗರ್ ರ‍್ಯಾಗ್' ಎಂದು ನನಗನ್ನಿಸುತ್ತದೆ. ವೇಗ ಕೇಳಿ ಬೆರಗಾದವರು ಅಷ್ಟಕ್ಕೇ ಎದ್ದುಹೋದರು. ಅಸಲು ಕೆಲಸ ನಡೆಯುವುದು ನಿಧಾನದ ಹಾಡುಗಳಲ್ಲಿ. ಅದನ್ನು ನಮ್ಮ ಪರಿಭಾಷೆಯಲ್ಲೇ ಬಿಡಿಸಿ ಹೇಳಲು ನೋಡುತ್ತೇನೆ, ವಿದ್ವಾಂಸರು ಸಹಿಸಿಕೊಳ್ಳಬೇಕು.

ನಮ್ಮಲ್ಲಿ ತಂಬೂರಿ ಒಂದೇ ಷಡ್ಜವನ್ನು ಹಿಡಿದಿರುತ್ತದೆ. ಪಂಚಮ ಕೊನೆಯವರೆಗೂ ಪಂಚಮವೇ. ಪಾಶ್ಚಾತ್ಯ ಹಾಡಿನಲ್ಲಿ ಮೇಲೆ ಮಟ್ಟು ಸಾಗುತ್ತಿದ್ದಂತೆ ಕೆಳಗಿನ ಆಧಾರದ ಸ್ವರಗುಚ್ಛ, ಅಂದರೆ ಕಾರ್ಡ್, ಬದಲಾಗುತ್ತಿರುತ್ತದೆ. ಈಗ ಮೇಲೆ ಒಂದೇ ಸ್ವರ ನಿಂತಿದೆ, ಅದು ಷಡ್ಜ ಎನ್ನಿ. ಕೆಳಗಿನ ಆಧಾರ ಮಧ್ಯಮಕ್ಕೆ ಸರಿದರೆ ಆ ಷಡ್ಜ ಕಿವಿಗೆ ಪಂಚಮವಾಗಿ ಕೇಳುತ್ತದೆ. ಆಧಾರ ಚತುಶ್ರುತಿ ಧೈವತಕ್ಕೆ ಹೋದರೆ ಅದೇ ಸ್ವರ ಸಾಧಾರಣ ಗಾಂಧಾರವಾಗುತ್ತದೆ. ಗ್ರಹಭೇದ ಬಲ್ಲವರಿಗೆ ಇದು ಕೂಡಲೇ ಹೊಳೆಯುತ್ತದೆ. ಸ್ವರ ಕದಲಿಲ್ಲ, ಅದರ ಮುಖ ಬದಲಾಯಿತು. ಎಲ್ಲ ಪಾಶ್ಚಾತ್ಯ ಸಂಗೀತದಲ್ಲೂ ಇದು ಇದೆ. ಟೇಟಮ್ ಮಾಡಿದ್ದು ಇಷ್ಟು: ಹಾಡು ಬರೆದವರು ಒಂದು ಸಾಲಿಗೆ ಎರಡು ಆಧಾರ ಇಟ್ಟಿದ್ದರೆ, ಅಲ್ಲಿ ಆರೇಳನ್ನು ತುಂಬಿದರು. ಹತ್ತಿರದವನ್ನು ಬಿಟ್ಟು ದೂರದವನ್ನು ತಂದರು. ಅರ್ಧಸ್ವರ ಪಕ್ಕಕ್ಕೆ ಜಾರಿ, ಇನ್ನು ದಾರಿ ತಪ್ಪಿತು ಎನ್ನುವಷ್ಟರಲ್ಲಿ ಸಮಕ್ಕೆ ಸರಿಯಾಗಿ ಬಂದು ಕೂತರು.

ಇಷ್ಟೆಲ್ಲ ನಡೆಯುವಾಗ ಮೇಲಿನ ಮಟ್ಟು ಯಾಕೆ ಕದಲಬಾರದು ಎಂಬುದು ಈಗ ಸ್ಪಷ್ಟ. ಮಟ್ಟು ಕದಲಿದರೆ ನೆಲ ಕದಲಿದ್ದು ಗೊತ್ತಾಗುವುದಿಲ್ಲ. ನೆರವಲ್‌ನಲ್ಲಿ ಸಾಹಿತ್ಯದ ಸಾಲು ತಾಳದಲ್ಲಿ ತನ್ನ ಜಾಗ ಬಿಡುವುದಿಲ್ಲ, ಅದರ ಮೇಲೆ ರಾಗ ಹರಿಯುತ್ತದೆ. ಸಾಲು ಬಿಟ್ಟರೆ ನೆರವಲ್ ಎನ್ನುವುದಕ್ಕೆ ಅರ್ಥವೇ ಉಳಿಯದು. ಟೇಟಮ್ ಅವರದು ಅದರ ತಲೆಕೆಳಗಾದ ರೂಪ: ಮಟ್ಟು ನಿಲ್ಲುತ್ತದೆ, ಕೆಳಗಿನದು ಹರಿಯುತ್ತದೆ. ಒದೇರ್ ಕೇಳಿದ್ದು ಬಲಗೈಯ ಮಿಂಚನ್ನು. ಹೊಸದು ಹುಟ್ಟುತ್ತಿದ್ದುದು ಎಡಗೈಯಲ್ಲಿ ಮತ್ತು ಎರಡರ ನಡುವೆ. ಅಮೆರಿಕದಲ್ಲಿ 1940ರ ದಶಕದಲ್ಲಿ ಬೀಬಾಪ್ ಎಂಬ ಹೊಸ ಪಂಥ ಬಂದಾಗ, ಮಟ್ಟನ್ನು ಪೂರ್ತಿ ಬಿಟ್ಟು ಆಧಾರಗಳ ಮೇಲೆ ಹೊಸ ಸ್ವರಸರಣಿ ಹೆಣೆಯುವುದೇ ಸೃಷ್ಟಿಶೀಲತೆಯ ಅಳತೆಗೋಲಾಯಿತು. ನಮ್ಮ ಕಲ್ಪನಾಸ್ವರಕ್ಕೆ ಹತ್ತಿರದ ಕೆಲಸ ಅದು. ಕಲ್ಪನಾಸ್ವರದ ಅಳತೆಗೋಲಿನಿಂದ ನೆರವಲ್ ಅಳೆದರೆ ಕಡಿಮೆಯೇ ಕಾಣುತ್ತದೆ. ತಮಾಷೆಯೆಂದರೆ, ಬೀಬಾಪ್‌ನ ಹಿರಿಯ ಚಾರ್ಲಿ ಪಾರ್ಕರ್ ಯುವಕನಾಗಿದ್ದಾಗ ಹಾರ್ಲೆಮ್ಮಿನ ಒಂದು ಹೋಟೆಲಿನಲ್ಲಿ ತಟ್ಟೆ ತೊಳೆಯುವ ಕೆಲಸಕ್ಕಿದ್ದದ್ದೇ, ಅಲ್ಲಿ ಟೇಟಮ್ ನುಡಿಸುತ್ತಿದ್ದರು ಎಂಬ ಕಾರಣಕ್ಕೆ ಎನ್ನುತ್ತಾರೆ. ದೂರದ ಆಧಾರಗಳ ರುಚಿ ಆ ಪಂಥಕ್ಕೆ ಹತ್ತಿದ್ದು ಇಂಥ ಕಡೆಯಿಂದ.

ಇನ್ನು, ಆರೋಪದಲ್ಲಿ ಹುರುಳೇ ಇಲ್ಲವೆನ್ನಲಾರೆ. ಮಾಸನೆಯ 'ಎಲೆಜಿ', ದ್ವೊರ್ಝಾಕ್‌ನ 'ಹ್ಯೂಮರೆಸ್ಕ್' ಮೊದಲಾದ ಶಾಸ್ತ್ರೀಯ ತುಣುಕುಗಳನ್ನು ಅವರು ಜಾಝ್ ನಡೆಗೆ ತಂದು ನುಡಿಸುತ್ತಿದ್ದರು. 1940ರ ರೆಕಾರ್ಡುಗಳಲ್ಲಿ ಅವೆರಡೂ ಇವೆ. ಇವುಗಳ ರೂಪ ಬಹುಮಟ್ಟಿಗೆ ಮೊದಲೇ ಕಟ್ಟಿಟ್ಟದ್ದು. ಶೋಕಗೀತೆಯಾದ 'ಎಲೆಜಿ'ಯ ನಡುವೆ ಸೂಸಾ ಎಂಬ ಸಂಗೀತಗಾರ ರಚಿಸಿದ ಸಿಪಾಯಿ ಮೆರವಣಿಗೆಯ ಮಟ್ಟನ್ನು ತೂರಿಸುವ ಹುಡುಗಾಟವೂ ಪೂರ್ವಯೋಜಿತವೇ. ಮೊದಲ ಸಲ ನಗು ಬರುತ್ತದೆ, ಐದನೇ ಸಲ ಇಲ್ಲ. ಮೇಲಿನಿಂದ ಕೆಳಗೆ ಇಳಿಯುವ ಆ ಪ್ರಸಿದ್ಧ ಬಿರುಸಿನ ಸ್ವರಮಾಲೆಗಳೂ ಕೆಲವು ಸಲ ಬೆರಳಿನ ಅಭ್ಯಾಸವಾಗಿ ಮಾತ್ರ ಬರುತ್ತವೆ. ನಮ್ಮ ಬಿರ್ಕಾಪ್ರಿಯರಿಗೆ ಹೇಳುವ ಮಾತನ್ನು ಇಲ್ಲೂ ಹೇಳಬಹುದು.

ಇದನ್ನು ತೂಗಿ ನೋಡಲು ಒಂದು ಅದೃಷ್ಟದ ಸಾಕ್ಷ್ಯ ಉಳಿದಿದೆ. 1940-41ರಲ್ಲಿ ಜೆರ್ರಿ ನ್ಯೂಮನ್ ಎಂಬ ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿ, ಹೊತ್ತೊಯ್ಯಬಹುದಾದ ಧ್ವನಿಮುದ್ರಣ ಯಂತ್ರವೊಂದನ್ನು ಹಾರ್ಲೆಮ್ಮಿನ ಅಪರಾತ್ರಿಯ ಅಡ್ಡೆಗಳಿಗೆ ಒಯ್ದು ಟೇಟಮ್ ವಾದನವನ್ನು ಹಿಡಿದಿಟ್ಟರು. ಅಲ್ಲಿ ಕಂಪನಿಯ ಗಡಿಯಾರ ಇಲ್ಲ, ಮೂರು ನಿಮಿಷದ ಕಟ್ಟು ಇಲ್ಲ. ಗ್ಲಾಸುಗಳ ಸದ್ದು, ಹರಟೆ, ಶ್ರುತಿಗೆಟ್ಟ ಪಿಯಾನೊ. ಟೇಟಮ್ ತಾವೇ ಒಂದಿಷ್ಟು ಬ್ಲೂಸ್ ಹಾಡುತ್ತಾರೆ ಕೂಡ. ಕಟ್ಟಿಟ್ಟ ರೂಪಗಳೆಲ್ಲ ಸಡಿಲಗೊಂಡು, ಯೋಚನೆ ಹುಟ್ಟುವುದೇ ಕೇಳುವಂತಿದೆ. 1973ರಲ್ಲಿ ಇದು ರೆಕಾರ್ಡಾಗಿ ಹೊರಬಂದು ಗ್ರ್ಯಾಮಿ ಪಡೆಯಿತು, ಟೇಟಮ್ ಸತ್ತು ಹದಿನೇಳು ವರ್ಷವಾಗಿತ್ತು.

ಕೆಟ್ಟ ಪಿಯಾನೊಗಳ ಮಾತು ಬಂತು. ಕ್ಲಬ್ಬುಗಳ ಪಿಯಾನೊಗಳಲ್ಲಿ ಕೆಲವು ಮನೆಗಳು ಒತ್ತಿದರೆ ಮೇಲೇಳುತ್ತಿರಲಿಲ್ಲ. ಟೇಟಮ್ ಮೊದಲಿಗೆ ಈ ತುದಿಯಿಂದ ಆ ತುದಿಗೆ ಒಮ್ಮೆ ಬೆರಳಾಡಿಸಿ ಯಾವುದು ಕೆಟ್ಟಿದೆ ಎಂದು ತಿಳಿದುಕೊಳ್ಳುತ್ತಿದ್ದರು, ರಾತ್ರಿಯಿಡೀ ಅದನ್ನು ತಪ್ಪಿಸುತ್ತಿದ್ದರು, ಇಲ್ಲವೇ ನುಡಿಸುತ್ತಿರುವಾಗಲೇ ಅಂಟಿಕೊಂಡ ಮನೆಯನ್ನು ಮೇಲೆತ್ತಿ ಮುಂದೆ ಹೋಗುತ್ತಿದ್ದರು ಎಂದು ಸಹವಾದಕರು ಹೇಳುತ್ತಾರೆ. ಕೂತ ಭಂಗಿಯಲ್ಲಿ ಯಾವ ಆರ್ಭಟವೂ ಇಲ್ಲ. ಬೆರಳು ಚಪ್ಪಟೆ, ಮೈ ನಿಶ್ಚಲ.

ನಮ್ಮ ದೇಶಕ್ಕೆ ಟೇಟಮ್ ಬರಲಿಲ್ಲ. ಅವರ ಪೀಳಿಗೆಯ ಇನ್ನೊಬ್ಬ ದೊಡ್ಡ ಪಿಯಾನೊ ವಾದಕ ಬಂದಿದ್ದರು ಎಂಬುದನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. ಶಿಕಾಗೊದಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಜೊತೆ ನುಡಿಸಿದ್ದ ಟೆಡ್ಡಿ ವೆದರ್‌ಫರ್ಡ್, ಶಾಂಘೈ ದಾಟಿ 1930ರ ದಶಕದಲ್ಲಿ ಮುಂಬಯಿಯ ತಾಜ್ ಹೋಟೆಲಿಗೆ, ಆಮೇಲೆ ಕಲ್ಕತ್ತೆಯ ಗ್ರ್ಯಾಂಡ್ ಹೋಟೆಲಿಗೆ ಬಂದರು. ಗೋವೆಯ ಎಷ್ಟೋ ವಾದಕರು ಅವರ ಮೇಳಗಳಲ್ಲಿ ಪಳಗಿದರು. 1945ರಲ್ಲಿ ಕಲ್ಕತ್ತೆಯಲ್ಲೇ ಕಾಲರಾ ತಗುಲಿ ತೀರಿಕೊಂಡರು. ಅವರ ಮೇಲೆಯೇ ಒಂದು ಉಪನ್ಯಾಸ ಆಗಬೇಕು.

ಟೇಟಮ್ ಅವರ ಹೊಟ್ಟೆಪಾಡಿನ ದಾರಿ ಕ್ಲಬ್ಬಿನಿಂದ ಕ್ಲಬ್ಬಿಗೆ ಸಾಗಿತ್ತು: ನ್ಯೂಯಾರ್ಕಿನ 52ನೇ ಬೀದಿಯ ಆನಿಕ್ಸ್, ಶಿಕಾಗೊದ ತ್ರೀ ಡ್ಯೂಸಸ್, ಲಾಸ್ ಏಂಜಲಿಸ್. 1938ರಲ್ಲಿ ಲಂಡನ್‌ಗೆ ಹೋಗಿಬಂದರು. ಅಲ್ಲಿನವರು ಹರಟೆ ನಿಲ್ಲಿಸಿ ಕೇಳಿದ್ದು ಅವರಿಗೆ ಹಿಡಿಸಿತ್ತಂತೆ. 1943ರಲ್ಲಿ ಗಿಟಾರಿನ ಟೈನಿ ಗ್ರೈಮ್ಸ್, ಬಾಸ್ ಪಿಟೀಲಿನ ಸ್ಲ್ಯಾಮ್ ಸ್ಟೂವರ್ಟ್ ಜೊತೆ ಕಟ್ಟಿದ ತ್ರಿವಾದ್ಯ ಮೇಳದಿಂದ ಒಂದಿಷ್ಟು ಜನಪ್ರಿಯತೆಯೂ ದುಡ್ಡೂ ಬಂತು. 1944ರ ಜನವರಿಯಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಭವನದಲ್ಲಿ ಮೊತ್ತಮೊದಲ ಜಾಝ್ ಕಛೇರಿ ನಡೆದಾಗ ಅವರೂ ವೇದಿಕೆಯಲ್ಲಿದ್ದರು.

ಕಣ್ಣಿದ್ದಿದ್ದರೆ, ಬಿಳಿಯನಾಗಿದ್ದಿದ್ದರೆ ಶಾಸ್ತ್ರೀಯ ಸಂಗೀತದಲ್ಲೇ ಮೆರೆಯುತ್ತಿದ್ದರು ಎಂದು ಅವರನ್ನು ಹೊಗಳುವವರಿದ್ದಾರೆ. ಆ ಕಾಲದ ಅಮೆರಿಕದಲ್ಲಿ ಕಪ್ಪು ಪಿಯಾನೊ ವಾದಕರಿಗೆ ಶಾಸ್ತ್ರೀಯ ಸಭಾಂಗಣದ ಬಾಗಿಲು ಮುಚ್ಚಿತ್ತು, ಅದು ಅನ್ಯಾಯವೇ. ಹೊರೊವಿಟ್ಸ್ ಅವರಂಥ ಮಹಾನ್ ಶಾಸ್ತ್ರೀಯ ವಾದಕರು ಟೇಟಮ್ ಅವರನ್ನು ಮೆಚ್ಚಿದ್ದೂ ಹೌದು. ಆದರೂ ಈ ಹೊಗಳಿಕೆ ನನಗೆ ರುಚಿಸುವುದಿಲ್ಲ. ಬಾಡಿಗೆ ಪಾರ್ಟಿಯ ಎಡಗೈ ಇಲ್ಲದೆ, ಬ್ಲೂಸ್ ಇಲ್ಲದೆ, ಬೆಳಗಿನ ಜಾವದ ಅಡ್ಡೆಗಳಿಲ್ಲದೆ ಟೇಟಮ್ ಇಲ್ಲ. 1949ರ 'ಆಂಟ್ ಹೇಗರ್ಸ್ ಬ್ಲೂಸ್' ರೆಕಾರ್ಡು ಕೇಳಿ. ಆ ನಿಧಾನ, ಆ ಭಾರ ಯಾವ ಕನ್ಸರ್ವೇಟರಿಯಲ್ಲೂ ಸಿಗುವಂಥದ್ದಲ್ಲ.

1950ರ ಸುಮಾರಿಗೆ ಅವರಿಗೆ ಬೇಡಿಕೆ ತಗ್ಗಿತ್ತು, ಬೀಬಾಪ್ ಕಾಲ. ಆಗ ನಾರ್ಮನ್ ಗ್ರಾಂಝ್ ಎಂಬ ನಿರ್ಮಾಪಕರು ಒಂದು ಸಾಹಸಕ್ಕೆ ಇಳಿದರು. 1953ರ ಡಿಸೆಂಬರ್ ಕೊನೆಯಲ್ಲಿ ಟೇಟಮ್ ಅವರನ್ನು ಸ್ಟುಡಿಯೊದಲ್ಲಿ ಕೂರಿಸಿ, ನಿಮಗೆ ಬೇಕಾದ್ದು ಬೇಕಾದಷ್ಟು ಹೊತ್ತು ನುಡಿಸಿ ಎಂದು ಬಿಟ್ಟುಬಿಟ್ಟರು. ಎರಡು ದಿನಗಳಲ್ಲಿ ಎಪ್ಪತ್ತರ ಹತ್ತಿರ ಹಾಡುಗಳು ಮುಗಿದವು, ಹೆಚ್ಚುಕಡಿಮೆ ಎಲ್ಲವೂ ಮೊದಲ ಸಲಕ್ಕೇ. ಮುಂದಿನ ಕೂಟಗಳೂ ಸೇರಿ ಒಂಟಿ ವಾದನವೇ ನೂರು ದಾಟಿತು. ಒದೇರ್ ಮೂಗು ಮುರಿದದ್ದು ಈ ರೆಕಾರ್ಡುಗಳಿಗೆ. ಇಷ್ಟೊಂದನ್ನು ಒಟ್ಟಿಗೆ ಕೇಳಿದರೆ ಯಾರಿಗಾದರೂ ಹೊಟ್ಟೆ ಭಾರವಾದೀತು ಎಂಬುದನ್ನು ಅವರ ಪರವಾಗಿ ಹೇಳಬೇಕು. ದಿನಕ್ಕೆ ಎರಡು ಸಾಕು.

ಗ್ರಾಂಝ್ ಟೇಟಮ್ ಅವರನ್ನು ಇತರ ವಾದಕರ ಜೊತೆಗೂ ಕೂರಿಸಿದರು. ಇದು ಸುಲಭವಲ್ಲ. ತಾವೇ ಮೇಳವಾಗಿ ಬೆಳೆದವರಿಗೆ ಪಕ್ಕದವರಿಗೆ ಜಾಗ ಬಿಡುವ ರೂಢಿ ಇರುವುದಿಲ್ಲ. ರಾಯ್ ಎಲ್ಡ್ರಿಜ್‌ನ ಟ್ರಂಪೆಟ್, ಬಡ್ಡಿ ಡಿಫ್ರಾಂಕೊ ಅವರ ಕ್ಲಾರಿನೆಟ್ ಎರಡೂ ಕೆಲವೆಡೆ ಟೇಟಮ್ ಹಿಂದೆ ಓಡಿ ಏದುಸಿರು ಬಿಡುತ್ತವೆ. 1956ರ ಆಗಸ್ಟ್ 15ರಂದು ಹಾಲಿವುಡ್ ಬೌಲ್ ಬಯಲು ಸಭಾಂಗಣದಲ್ಲಿ ಸುಮಾರು 19,000 ಜನರ ಮುಂದೆ ನುಡಿಸುವಾಗಲೇ ಟೇಟಮ್ ಮೂತ್ರಪಿಂಡ ಕೆಟ್ಟು ಬಳಲಿದ್ದರು. ವರ್ಷಾನುಗಟ್ಟಲೆಯ ಬಿಯರ್ ಚಟ ಬಿಟ್ಟಿದ್ದರೂ ತಡವಾಗಿತ್ತು. ಸೆಪ್ಟೆಂಬರ್ 11ರಂದು ಗ್ರಾಂಝ್ ಟೇಟಮ್ ಅವರನ್ನು ಬೆನ್ ವೆಬ್‌ಸ್ಟರ್ ಅವರ ಸ್ಯಾಕ್ಸೊಫೋನ್ ಜೊತೆ ಕೂರಿಸಿದರು. ರೆಡ್ ಕ್ಯಾಲೆಂಡರ್ ಬಾಸ್, ಬಿಲ್ ಡಗ್ಲಸ್ ಡ್ರಮ್. ನವೆಂಬರ್ 5ರಂದು ಲಾಸ್ ಏಂಜಲಿಸ್‌ನಲ್ಲಿ ಟೇಟಮ್ ತೀರಿಕೊಂಡರು. ನಲವತ್ತೇಳು ವರ್ಷ.

ವೆಬ್‌ಸ್ಟರ್ ಮಾಡಿದ ಜಾಣತನವೆಂದರೆ ಓಡಲಿಲ್ಲ. ಟೇಟಮ್ ಹಾಡಿನ ಮಟ್ಟು ಬಿಡದವರು ಎಂದಾದರೆ ಆ ಮಟ್ಟನ್ನೇ ತಾನು ಹೊರುತ್ತೇನೆ ಎಂದು ನಿಂತರು. ದೊಡ್ಡ ದನಿಯಲ್ಲಿ, ಉಸಿರು ಕೇಳುವಷ್ಟು ಸಾವಕಾಶವಾಗಿ, ಹಾಡನ್ನು ಇದ್ದಂತೆಯೇ ಹಾಡಿದರು. ಮಟ್ಟು ಹೊರುವ ಕೆಲಸ ತಪ್ಪಿದ್ದೇ, ಟೇಟಮ್ ಎರಡೂ ಕೈ ಬಿಡುವು ಮಾಡಿಕೊಂಡು ಅದರ ಕೆಳಗಿನ ನೆಲವನ್ನು ಇಡಿಯಾಗಿ ಉಳತೊಡಗುತ್ತಾರೆ. ಕೊನೆಗೆ ಆ ಕೂಟದ 'ಮೈ ಒನ್ ಆ್ಯಂಡ್ ಓನ್ಲಿ ಲವ್' ಹಾಕಿಸುತ್ತೇನೆ. ಮೊದಲು ಪಿಯಾನೊ ಒಂದೇ ಹಾಡನ್ನು ಪೂರ್ತಿ ಹೇಳುತ್ತದೆ, ಆಮೇಲೆ ಸ್ಯಾಕ್ಸೊಫೋನ್ ಬರುತ್ತದೆ. ಅದು ಬಂದ ಮೇಲೆ ಅದನ್ನು ಕೇಳಬೇಡಿ, ಅದು ತಾನಾಗಿ ಕೇಳಿಸುತ್ತದೆ. ಕಿವಿಯನ್ನು ಕೆಳಗಿಟ್ಟು ಪಿಯಾನೊ ಹಿಡಿಯಿರಿ. ಮುಗಿದ ಮೇಲೆ ಒದೇರ್ ಪಕ್ಷ ವಹಿಸುವವರು ಯಾರಾದರೂ ಇದ್ದರೆ ಚರ್ಚೆಗೆ ನಾನು ಸಿದ್ಧ.